ನನ್ನ ದನಿ ಕೇಳಿಸ್ತಿದೆಯಾ?

ಗುರುವಾರ ರಾತ್ರಿ ಎಂಟು ಗಂಟೆ. ಮೇಜಿನ ಮೇಲೆ ಅಕ್ಕಿ ಡಬ್ಬ, ಡಬ್ಬದ ಮೇಲೆ ಎರಡು ದಪ್ಪ ಪುಸ್ತಕ, ಪುಸ್ತಕಗಳ ಮೇಲೆ ಗೋಡೆಗೆ ಒರಗಿಸಿಟ್ಟ ಫೋನು. ಕೆಂಪು ಗುಂಡಿ ಒತ್ತಿ, ಸೀರೆಯ ನೆರಿಗೆ ಸರಿಮಾಡಿಕೊಂಡು ನಾನು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: "ನಮಸ್ಕಾರ, ನನ್ನ ದನಿ ಕೇಳಿಸ್ತಿದೆಯಾ?"

ಉತ್ತರ ಬರುತ್ತಿರಲಿಲ್ಲ. ಪರದೆಯ ಮೂಲೆಯಲ್ಲಿ ಒಂದು ಕಣ್ಣಿನ ಚಿತ್ರ, ಅದರ ಪಕ್ಕ 3 ಎಂಬ ಅಂಕಿ. ಆ ಮೂವರಲ್ಲಿ ಒಬ್ಬಳು ನಾನೇ, ಸರಿಯಾಗಿ ಹೋಗುತ್ತಿದೆಯೋ ಇಲ್ಲವೋ ಎಂದು ನೋಡಲು ಹಳೆಯ ಫೋನಿನಲ್ಲಿ ನನ್ನದೇ ಚಾನೆಲ್ ತೆರೆದಿಡುತ್ತಿದ್ದೆ. ಇನ್ನೊಬ್ಬರು ನಮ್ಮ ಅತ್ತಿಗೆ. ಮೂರನೆಯವರು ಯಾರೆಂದು ಬಹಳ ದಿನ ಗೊತ್ತಾಗಲಿಲ್ಲ. ಪಕ್ಕದ ಕೋಣೆಯಿಂದ ಅಮ್ಮ ಮಾತ್ರ ತಪ್ಪದೆ ಕೇಳುತ್ತಿದ್ದರು, "ಯಾರ ಹತ್ರ ಮಾತಾಡ್ತಾ ಇದ್ದೀಯೇ ಅಷ್ಟು ಹೊತ್ತು?"

ಏಳು ವರ್ಷ ಅತಿಥಿ ಉಪನ್ಯಾಸಕಿಯಾಗಿ ಇತಿಹಾಸ ಪಾಠ ಮಾಡಿದ ಕಾಲೇಜಿನಲ್ಲಿ ಆ ವರ್ಷ ನನ್ನ ಹೆಸರು ಪಟ್ಟಿಯಲ್ಲಿರಲಿಲ್ಲ. ಪಾಠ ಹೇಳುವ ಅಭ್ಯಾಸವನ್ನು ಮಾತ್ರ ಯಾರೂ ಕಿತ್ತುಕೊಂಡಿರಲಿಲ್ಲ. ವಾರಕ್ಕೊಮ್ಮೆ ಒಂದು ಗಂಟೆ ಮೈಸೂರು ಸೀಮೆಯ ಚರಿತ್ರೆ ಹೇಳೋಣ, ಕೇಳುಗರು ಕೂಡಿಕೊಂಡರೆ ನಾಲ್ಕು ಕಾಸು ಬಂದೀತು ಎಂದುಕೊಂಡು ಲೈವ್ ಶುರುಮಾಡಿದೆ. ಹದಿನಾಲ್ಕು ವಾರ ಕಳೆದರೂ ಅಂಕಿ ಮೂರರಿಂದ ಏಳರ ನಡುವೆ ಜೋಕಾಲಿಯಾಡುತ್ತಿತ್ತು. ಉಳಿತಾಯದ ದುಡ್ಡು ಇನ್ನು ಐದಾರು ತಿಂಗಳಿಗೆ ಸಾಲುವಷ್ಟಿತ್ತು. ಅಣ್ಣ ಒಂದು ದಿನ ಮೆಲ್ಲಗೆ ಹೇಳಿದ: "ನನ್ನ ಸ್ನೇಹಿತನ ಅಂಗಡಿಗೆ ಲೆಕ್ಕ ಬರೆಯೋರು ಬೇಕಂತೆ ಕಣಮ್ಮ. ಯೋಚನೆ ಮಾಡು. ಯಾರೂ ಕೇಳದೇ ಇದ್ದ ಮೇಲೆ ಇದೆಲ್ಲ ಯಾಕೆ?"

ಅವನ ಮಾತಿಗೆ ಉತ್ತರವಿರಲಿಲ್ಲ. ಇತಿಹಾಸ ಓದಿದವರಿಗೆ ಒಂದು ಚಾಳಿ. ತಮ್ಮ ಕಷ್ಟಕ್ಕೆ ತಕ್ಕ ಹಳೆಯ ಕಷ್ಟವೊಂದನ್ನು ಹುಡುಕಿಕೊಂಡು ಹೋಗುತ್ತಾರೆ. ಕಾಣದ ಕೇಳುಗರಿಗೆ ಮೊಟ್ಟಮೊದಲು ಮಾತಾಡಿದವರು ಯಾರು? ಅವರಿಗೆ ಕೇಳುಗರು ಸಿಕ್ಕಿದ್ದು ಹೇಗೆ? ನಾನು ಅದನ್ನೇ ಹುಡುಕತೊಡಗಿದೆ.

ಮೊದಲು ಸಿಕ್ಕವರು ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಊರಿನ ಚಾರ್ಲ್ಸ್ ಹೆರಾಲ್ಡ್. ಅವರು ವೈರ್‌ಲೆಸ್ ತಂತ್ರ ಕಲಿಸುವ ಒಂದು ಪುಟ್ಟ ಶಾಲೆ ನಡೆಸುತ್ತಿದ್ದರು. 1909ರಲ್ಲಿ ಅಲ್ಲಿಂದಲೇ ಮಾತು, ಸಂಗೀತವನ್ನು ಗಾಳಿಗೆ ಬಿಡಲು ಶುರುಮಾಡಿದರು. ಆಗ 'ರೇಡಿಯೋ ಕೇಳುಗ' ಎಂಬ ಜಾತಿಯೇ ಇರಲಿಲ್ಲ. ತಂತಿ ಸುತ್ತಿ, ಹರಳು ಜೋಡಿಸಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೋರ್ಸ್ ಸಂಕೇತದ ಚುಕ್ಕೆ ಗೆರೆ ಆಲಿಸುತ್ತಿದ್ದ ಹುಡುಗರು ಮಾತ್ರ ಇದ್ದರು. ಹೆರಾಲ್ಡ್ ಅವರ ಹೆಂಡತಿ ಸಿಬಿಲ್ ಆ ಹುಡುಗರಿಗಾಗಿಯೇ ವಾರಕ್ಕೊಂದು ಸಂಜೆ ಕಾರ್ಯಕ್ರಮ ನಡೆಸಿದರು. ಊರಿನ ಸಂಗೀತದ ಅಂಗಡಿಯಿಂದ ಹೊಸ ರೆಕಾರ್ಡುಗಳನ್ನು ಎರವಲು ತಂದು ಹಾಕುವುದು, ಹುಡುಗರು ಕೇಳಿದ ಹಾಡು ನುಡಿಸುವುದು, ಅವರ ಹೆಸರು ಹೇಳುವುದು. ಮರುದಿನ ಅದೇ ಹುಡುಗರು ಅಂಗಡಿಗೆ ಹೋಗಿ ಅದೇ ರೆಕಾರ್ಡು ಕೊಳ್ಳುತ್ತಿದ್ದರಂತೆ. ಯಂತ್ರವಿಲ್ಲದವರಿಗೂ ಕೇಳಿಸಲೆಂದು ಒಂದು ಅಂಗಡಿಯಲ್ಲಿ ಹೆಡ್‌ಫೋನುಗಳನ್ನು ಇಟ್ಟು ಕೂರಿಸುವ ಏರ್ಪಾಡೂ ಇತ್ತು.

ಈ ಕಥೆ ಓದಿದಾಗ ನನಗೆ ಹೊಳೆದ ಮೊದಲ ವಿಷಯ: ಸಿಬಿಲ್ 'ಜಗತ್ತಿಗೆ' ಮಾತಾಡಲಿಲ್ಲ. ಆ ಊರಿನ, ಹೆಸರು ಗೊತ್ತಿದ್ದ, ಆಗಲೇ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ ಹುಡುಗರೊಂದಿಗೆ ಮಾತಾಡಿದರು. ಮೊದಲ ಕೇಳುಗರು ಅದೇ ಕಸುಬಿನವರೇ ಆಗಿದ್ದರು.

ಆದರೆ ಮೊದಲಿಗರಿಗೆಲ್ಲ ಜಯಮಾಲೆ ಬೀಳುವುದಿಲ್ಲ. 1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದಾಗ ಖಾಸಗಿ ಪ್ರಸಾರವನ್ನೆಲ್ಲ ನಿಲ್ಲಿಸಲಾಯಿತು. ಯುದ್ಧ ಮುಗಿದು ಮತ್ತೆ ಅನುಮತಿ ಸಿಗುವಷ್ಟರಲ್ಲಿ ಹೆರಾಲ್ಡ್ ನಂಬಿಕೊಂಡಿದ್ದ ಯಂತ್ರವಿದ್ಯೆ ಹಳತಾಗಿತ್ತು. ಹೊಸದಾಗಿ ಕಟ್ಟಿದ ನಿಲಯವೂ ಕೆಲವೇ ವರ್ಷಗಳಲ್ಲಿ ಕೈತಪ್ಪಿತು. ಕೊನೆಗಾಲದಲ್ಲಿ ರಿಪೇರಿಯಂಥ ಸಣ್ಣ ಕೆಲಸಗಳಲ್ಲಿ ಜೀವನ ಸಾಗಿಸಿ, 1948ರಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲದವರಾಗಿ ತೀರಿಕೊಂಡರು. ಈ ಭಾಗ ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಅಣ್ಣನ ಮಾತನ್ನೇ ನೆನೆದೆ.

ಎರಡನೆಯವರು ಫ್ರಾಂಕ್ ಕಾನ್ರಾಡ್. ಪಿಟ್ಸ್‌ಬರ್ಗ್ ಪಕ್ಕದ ವಿಲ್ಕಿನ್ಸ್‌ಬರ್ಗ್‌ನವರು, ವೆಸ್ಟಿಂಗ್‌ಹೌಸ್ ಕಂಪನಿಯ ಎಂಜಿನಿಯರು. ಯುದ್ಧಾನಂತರ ನಿಷೇಧ ತೆಗೆದ ಮೇಲೆ, 1919ರ ಅಕ್ಟೋಬರಿನಲ್ಲಿ, ಮನೆಯ ಗ್ಯಾರೇಜಿನ ಮೇಲಂತಸ್ತಿನಿಂದ ತಮ್ಮ ಯಂತ್ರವನ್ನು ಪರೀಕ್ಷಿಸತೊಡಗಿದರು. ಪರೀಕ್ಷೆಯೆಂದರೆ ಮಾತಾಡುವುದು, ದೂರದ ಹವ್ಯಾಸಿಗಳು 'ಕೇಳಿಸಿತು' ಎಂದು ತಿಳಿಸುವುದು. ಮಾತಾಡಿ ಮಾತಾಡಿ ಸುಸ್ತಾಗಿ ಒಂದು ದಿನ ಮೈಕಿನ ಮುಂದೆ ಗ್ರಾಮಫೋನು ಇಟ್ಟರು. ಅಷ್ಟೇ ಸಾಕಾಯಿತು. ಆ ಹಾಡು ಹಾಕಿ, ಈ ಹಾಡು ಹಾಕಿ, ಇಂಥ ಹೊತ್ತಿಗೆ ಹಾಕಿ, ನೆಂಟರಿಗೆ ಕೇಳಿಸಬೇಕು ಎಂದು ಪತ್ರಗಳು ಬರತೊಡಗಿದವು. ಒಬ್ಬೊಬ್ಬರಿಗೂ ಒಂದೊಂದು ಹೊತ್ತು ಹೊಂದಿಸಲಾಗದೆ ಕಾನ್ರಾಡ್ ವಾರಕ್ಕೆ ಎರಡು ಸಂಜೆ ಗೊತ್ತುಮಾಡಿ ಸಾರಿದರು. ಗಂಡು ಮಕ್ಕಳಿಬ್ಬರೂ ಕೈಜೋಡಿಸಿದರು.

ಮನೆಯಲ್ಲಿದ್ದ ರೆಕಾರ್ಡುಗಳು ಖಾಲಿಯಾದಾಗ ಊರಿನ ಹ್ಯಾಮಿಲ್ಟನ್ ಸಂಗೀತದ ಅಂಗಡಿ ಹೊಸವನ್ನು ಎರವಲು ಕೊಟ್ಟಿತು. ಅಂಗಡಿಯ ಹೆಸರು ಹೇಳಬೇಕು ಎಂಬುದೊಂದೇ ಷರತ್ತು. ಗಾಳಿಯಲ್ಲಿ ಕೇಳಿಬಂದ ರೆಕಾರ್ಡುಗಳು ಉಳಿದವಕ್ಕಿಂತ ಚೆನ್ನಾಗಿ ಖರ್ಚಾದವು. ಇವತ್ತು ಯೂಟ್ಯೂಬಿನಲ್ಲಿ 'ಈ ವಿಡಿಯೋದ ಪ್ರಾಯೋಜಕರು' ಎನ್ನುತ್ತಾರಲ್ಲ, ಅದರ ಮುತ್ತಜ್ಜ ಈ ಅಂಗಡಿ.

1920ರ ಸೆಪ್ಟೆಂಬರ್ 29ರಂದು ಪಿಟ್ಸ್‌ಬರ್ಗಿನ ಹಾರ್ನ್ ಎಂಬ ದೊಡ್ಡ ಅಂಗಡಿ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತು: ಕಾನ್ರಾಡ್ ಅವರ ಸಂಗೀತ ಕೇಳಲು ಬೇಕಾದ ಯಂತ್ರಗಳು ನಮ್ಮಲ್ಲಿವೆ, ಹತ್ತು ಡಾಲರಿನಿಂದ ಶುರು. ಅದನ್ನು ಓದಿದ ವೆಸ್ಟಿಂಗ್‌ಹೌಸಿನ ಉಪಾಧ್ಯಕ್ಷ ಹ್ಯಾರಿ ಡೇವಿಸ್ ಅವರಿಗೆ ಥಟ್ಟನೆ ಹೊಳೆಯಿತು. ದಿನವೂ ಪ್ರಸಾರ ಮಾಡಿದರೆ ಯಂತ್ರ ಕೊಳ್ಳುವವರು ತಾವಾಗಿ ಹುಟ್ಟಿಕೊಳ್ಳುತ್ತಾರೆ! ನವೆಂಬರ್ 2ರಂದು, ಹಾರ್ಡಿಂಗ್ ಮತ್ತು ಕಾಕ್ಸ್ ನಡುವಣ ಅಧ್ಯಕ್ಷ ಚುನಾವಣೆಯ ರಾತ್ರಿ, ಕಂಪನಿಯ ಕಟ್ಟಡದ ಚಾವಣಿಯ ಮೇಲಿನ ಗೂಡಿನಂಥ ಕೋಣೆಯಿಂದ ಕೆ.ಡಿ.ಕೆ.ಎ. ನಿಲಯ ಮಾತಾಡಿತು. ಕಾನ್ರಾಡ್ ಮಾತ್ರ ಅಲ್ಲಿರಲಿಲ್ಲ. ಅಲ್ಲೇನಾದರೂ ಕೆಟ್ಟರೆ ಪ್ರಸಾರ ಮುಂದುವರಿಸಲು ಮನೆಯ ಗ್ಯಾರೇಜಿನಲ್ಲಿ ಸಿದ್ಧರಾಗಿ ಕೂತಿದ್ದರು.

ಆ ರಾತ್ರಿ ಫಲಿತಾಂಶ ಓದುತ್ತಿದ್ದ ಲಿಯೋ ರೋಸೆನ್‌ಬರ್ಗ್ ನಡುನಡುವೆ ಒಂದು ಕೋರಿಕೆ ಮುಂದಿಟ್ಟರು. ಇದನ್ನು ಯಾರಾದರೂ ಕೇಳುತ್ತಿದ್ದರೆ ದಯವಿಟ್ಟು ನಮಗೆ ತಿಳಿಸಿ, ಎಷ್ಟು ದೂರ ಮುಟ್ಟುತ್ತಿದೆ, ಹೇಗೆ ಕೇಳಿಸುತ್ತಿದೆ ಎಂಬುದು ನಮಗೆ ಗೊತ್ತಾಗಬೇಕು ಎಂಬುದು ಅದರ ತಾತ್ಪರ್ಯ. ಅದನ್ನು ಓದಿದಾಗ ನಾನು ನಕ್ಕುಬಿಟ್ಟೆ. ಅಕ್ಕಿ ಡಬ್ಬದ ಮುಂದೆ ಕೂತು ನಾನು ಕೇಳುತ್ತಿದ್ದದ್ದೂ ಅದನ್ನೇ ಅಲ್ಲವೇ? ನೂರು ವರ್ಷದ ಹಿಂದೆ, ದೊಡ್ಡ ಕಂಪನಿಯ ಬೆಂಬಲವಿದ್ದವರಿಗೂ ಕೇಳುವವರಿದ್ದಾರೆಯೇ ಎಂದು ಗೊತ್ತಿರಲಿಲ್ಲ.

ನಮ್ಮ ದೇಶದ ಕಥೆ ಇಷ್ಟು ಸುಗಮವಲ್ಲ. 1924ರಲ್ಲಿ ಮದರಾಸಿನಲ್ಲಿ ಸಿ. ವಿ. ಕೃಷ್ಣಸ್ವಾಮಿ ಚೆಟ್ಟಿ ಮತ್ತು ಗೆಳೆಯರು ಮದ್ರಾಸ್ ಪ್ರೆಸಿಡೆನ್ಸಿ ರೇಡಿಯೋ ಕ್ಲಬ್ ಕಟ್ಟಿ, ಜುಲೈ 31ರಿಂದ ಪ್ರಸಾರ ಆರಂಭಿಸಿದರು. ಉತ್ಸಾಹಕ್ಕೆ ಕೊರತೆಯಿರಲಿಲ್ಲ, ಹಣಕ್ಕಿತ್ತು. 1927ರಲ್ಲಿ ಕ್ಲಬ್ಬಿನ ಪ್ರಸಾರ ನಿಂತಿತು. ಅದೇ ವರ್ಷ ಜುಲೈ 23ರಂದು ಮುಂಬೈಯಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ನಿಲಯವನ್ನು ವೈಸರಾಯ್ ಲಾರ್ಡ್ ಅರ್ವಿನ್ ಉದ್ಘಾಟಿಸಿದರು, ಮುಂದಿನ ತಿಂಗಳು ಕಲ್ಕತ್ತಾ ನಿಲಯ ಶುರುವಾಯಿತು. ಹದಿನೈದು ಲಕ್ಷ ರೂಪಾಯಿ ಬಂಡವಾಳ ಎತ್ತಲು ಹೊರಟ ಕಂಪನಿಗೆ ಸಿಕ್ಕಿದ್ದು ಆರು ಲಕ್ಷ. ರೇಡಿಯೋ ಇಟ್ಟುಕೊಂಡವರು ವರ್ಷಕ್ಕೆ ಹತ್ತು ರೂಪಾಯಿ ಲೈಸೆನ್ಸ್ ಶುಲ್ಕ ಕೊಡಬೇಕಿತ್ತು, ಅದರಲ್ಲಿ ಎಂಟು ರೂಪಾಯಿ ಕಂಪನಿಗೆ. ಆದರೆ ಎರಡೂವರೆ ವರ್ಷ ಕಳೆದರೂ ಲೈಸೆನ್ಸುಗಳ ಸಂಖ್ಯೆ ಎಂಟು ಸಾವಿರ ಮುಟ್ಟಲಿಲ್ಲ. ಲೈಸೆನ್ಸಿಲ್ಲದೆ ಕದ್ದು ಕೇಳುವವರು ಬೇರೆ. ಕಂಪನಿ 1930ರ ಮಾರ್ಚಿನಲ್ಲಿ ಬಾಗಿಲು ಹಾಕಿತು, ಸರ್ಕಾರ ಅದನ್ನು ವಹಿಸಿಕೊಂಡಿತು.

ಕಂಪನಿ ಮುಳುಗಿದ ಆ ವರ್ಷವೇ ಮದರಾಸಿನಲ್ಲಿ ಬೇರೊಂದು ನಡೆಯಿತು. ಕ್ಲಬ್ಬಿನ ಯಂತ್ರವನ್ನು ಪಡೆದಿದ್ದ ಮದರಾಸು ನಗರಪಾಲಿಕೆ 1930ರಲ್ಲಿ ಪ್ರಸಾರವನ್ನು ಮತ್ತೆ ಆರಂಭಿಸಿತು. ಮರೀನಾ ಕಡಲತೀರದಲ್ಲಿ, ಉದ್ಯಾನಗಳಲ್ಲಿ ಧ್ವನಿವರ್ಧಕ ಹಾಕಿತು. ಮನೆಯಲ್ಲಿ ಯಂತ್ರವಿಲ್ಲದ ಜನ ಸಂಜೆ ಗಾಳಿಗೆ ಹೋದಲ್ಲೇ ಸಂಗೀತ ಕೇಳಿದರು. ಮುಂಬೈ ಕಂಪನಿ ಕೇಳುಗರು ತನ್ನ ಬಳಿಗೆ ಬರಲೆಂದು ಕಾಯಿತು. ಮದರಾಸು ಪಾಲಿಕೆ ಜನ ಕೂತಲ್ಲಿಗೇ ದನಿಯನ್ನು ಕೊಂಡೊಯ್ಯಿತು. ಈ ವ್ಯತ್ಯಾಸವನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಗೆರೆ ಎಳೆದೆ.

ಇನ್ನು ಮೈಸೂರು. ಡಾ. ಎಂ. ವಿ. ಗೋಪಾಲಸ್ವಾಮಿ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರು. ಲಂಡನ್ನಿನಲ್ಲಿ ಓದಿ ಬಂದು 1924ರಲ್ಲಿ ಇಲ್ಲಿನ ಮನಃಶಾಸ್ತ್ರ ವಿಭಾಗವನ್ನು ಕಟ್ಟಿದವರು. ಅವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ 'ವಿಠ್ಠಲ ವಿಹಾರ'ದಿಂದ ಪ್ರಸಾರ ಆರಂಭಿಸಿದರು. ಯಂತ್ರದ ಶಕ್ತಿ ನಮ್ಮ ಹಳೆಯ ಮನೆಗಳ ಒಂದು ಬಲ್ಬು ಎಳೆಯುತ್ತಿದ್ದಷ್ಟು. ಆದರೆ ಅದಕ್ಕೆ ಇಟ್ಟ ಹೆಸರು ದೊಡ್ಡದು: ಆಕಾಶವಾಣಿ. ಹೆಸರು ಸೂಚಿಸಿದವರು ಲೇಖಕ ನಾ. ಕಸ್ತೂರಿ ಎಂದು ಹೇಳುವವರಿದ್ದಾರೆ. ದೇಶದ ಸರ್ಕಾರಿ ಪ್ರಸಾರಕ್ಕೆ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರು ಬಂದದ್ದೇ ಮರುವರ್ಷ ಜೂನಿನಲ್ಲಿ. ಮೈಸೂರಿನ ಮನೆಯೊಂದರಲ್ಲಿ ಹುಟ್ಟಿದ ಹೆಸರನ್ನು ಇಡೀ ದೇಶ ತನ್ನದಾಗಿಸಿಕೊಂಡದ್ದು 1950ರ ದಶಕದಲ್ಲಿ.

ಪ್ರಾಧ್ಯಾಪಕರ ಸಂಬಳದಲ್ಲಿ ನಿಲಯ ನಡೆಸುವುದು ಸುಲಭವಲ್ಲ. ಮೈಸೂರು ನಗರಸಭೆ ನೆರವಿಗೆ ಬಂತು. ಊರಿನ ಸಾಹಿತಿಗಳು, ಸಂಗೀತಗಾರರು, ಕಾಲೇಜಿನ ಬಳಗ ಮೈಕಿನ ಮುಂದೆ ಬಂದು ಕೂತರು. ಹೀಗೆ ಆರು ವರ್ಷಕ್ಕೂ ಹೆಚ್ಚು ಕಾಲ ದನಿ ಆರದಂತೆ ನೋಡಿಕೊಂಡ ಮೇಲೆ, 1942ರಲ್ಲಿ ಮೈಸೂರು ಸಂಸ್ಥಾನ ನಿಲಯವನ್ನು ವಹಿಸಿಕೊಂಡಿತು. 1955ರಲ್ಲಿ ನಿಲಯ ಬೆಂಗಳೂರಿಗೆ ಹೋಯಿತು. ಇವತ್ತು ಯಾದವಗಿರಿಯಲ್ಲಿರುವ ಮೈಸೂರು ಆಕಾಶವಾಣಿ ಕೇಂದ್ರದಿಂದ ಆ ಮನೆಯಿದ್ದ ಜಾಗ ಇನ್ನೂರು ಮೀಟರಿನ ಆಸುಪಾಸು.

ಒಂದು ಭಾನುವಾರ ಆ ರಸ್ತೆಯಲ್ಲಿ ಸುಮ್ಮನೆ ನಡೆದು ಬಂದೆ. 1935ರ ಮೈಸೂರಿನಲ್ಲಿ ರೇಡಿಯೋ ಇದ್ದ ಮನೆಗಳು ಎಷ್ಟಿದ್ದಾವು? ಬಲ್ಬಿನಷ್ಟು ಶಕ್ತಿಯ ಆ ದನಿ ಎಲ್ಲಿಯವರೆಗೆ ಮುಟ್ಟೀತು? ಗಮನವೆಂದರೇನು ಎಂದು ತರಗತಿಯಲ್ಲಿ ಪಾಠ ಹೇಳುತ್ತಿದ್ದವರಿಗೆ, ಗಮನ ಕೊಡಲು ಎದುರಿಗೆ ಯಾರೂ ಕಾಣದ ಕೋಣೆಯಲ್ಲಿ ಮಾತಾಡುವುದು ಹೇಗೆ ಅನಿಸಿರಬೇಕು? ಒಂದು ಅನುಕೂಲ ಮಾತ್ರ ಅವರಿಗಿತ್ತು. ಆ ಮೈಕಿನ ಪಕ್ಕದಲ್ಲಿ 3 ಎಂದು ತೋರಿಸುವ ಕಣ್ಣಿನ ಚಿತ್ರ ಇರಲಿಲ್ಲ.

ನಮ್ಮ ಕಾಲದ ಕಥೆಗೆ ಬರಬೇಕಾದರೆ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಬೇಕು. 2007ರ ಮಾರ್ಚ್ 19ರಂದು ಜಸ್ಟಿನ್ ಕಾನ್ ಎಂಬ ಯುವಕ ಟೋಪಿಗೆ ಕ್ಯಾಮೆರಾ ಸಿಕ್ಕಿಸಿ, ಬೆನ್ನಚೀಲದಲ್ಲಿ ಕಂಪ್ಯೂಟರ್ ಹೊತ್ತು, ತನ್ನ ಬದುಕನ್ನು ದಿನದ ಇಪ್ಪತ್ನಾಲ್ಕು ಗಂಟೆಯೂ ಅಂತರ್ಜಾಲದಲ್ಲಿ ತೋರಿಸತೊಡಗಿದ. ಪತ್ರಿಕೆಗಳು ಬರೆದವು, ಜನ ಇಣುಕಿದರು. ನೋಡುಗರಲ್ಲಿ ಕೆಲವರು ಸುಳ್ಳು ದೂರು ಕೊಟ್ಟು ಅವನ ಮನೆಗೆ ಪೊಲೀಸರನ್ನೇ ಕಳಿಸಿದರು. ಆದರೆ ಊಟ, ನಿದ್ದೆ, ಓಡಾಟವನ್ನು ಎಷ್ಟು ದಿನ ಅಂತ ನೋಡುತ್ತಾರೆ? ಅದೇ ವರ್ಷದ ಅಕ್ಟೋಬರಿನಲ್ಲಿ ಗೆಳೆಯರ ತಂಡ ತಮ್ಮ ತಾಣವನ್ನು ಎಲ್ಲರಿಗೂ ತೆರೆದಿಟ್ಟಿತು, ಯಾರು ಬೇಕಾದರೂ ಲೈವ್ ಮಾಡಬಹುದು ಎಂದಿತು. ಅಲ್ಲಿ ಬೆಳೆದು ನಿಂತದ್ದು ವಿಡಿಯೋ ಗೇಮ್ ಆಡುವವರ ಬಳಗ. ಆಡುವವನೂ ನೋಡುವವನೂ ಒಂದೇ ಕಸುಬಿನವರು, ಮತ್ತೆ ಸಿಬಿಲ್ ಅವರ ಹುಡುಗರ ಕಥೆಯೇ. 2011ರ ಜೂನಿನಲ್ಲಿ ಆ ಭಾಗ ಟ್ವಿಚ್ ಎಂಬ ಹೆಸರಿನಲ್ಲಿ ಬೇರೆಯಾಯಿತು. 2014ರಲ್ಲಿ ಅಮೆಜಾನ್ ಅದನ್ನು ಸುಮಾರು 97 ಕೋಟಿ ಡಾಲರಿಗೆ ಕೊಂಡಿತು.

ಇಲ್ಲಿಗೆ ಬಂದಾಗ ಹಳೆಯವರಿಗೂ ನಮಗೂ ಇರುವ ವ್ಯತ್ಯಾಸವನ್ನು ಮುಚ್ಚಿಡಬಾರದು. ಕಾನ್ರಾಡ್ ಕಾಲದಲ್ಲಿ ಗಾಳಿ ಖಾಲಿಯಿತ್ತು. ಯಂತ್ರ ಇದ್ದವನು ಕೇಳಲು ಹಸಿದಿದ್ದ, ಸಿಕ್ಕಿದ್ದನ್ನು ಕೇಳಿದ. ಇವತ್ತು ಎಲ್ಲರ ಕೈಯಲ್ಲೂ ಯಂತ್ರವಿದೆ, ಕೊರತೆಯಿರುವುದು ಹೊತ್ತಿಗೆ. ಅಂದು ಯಂತ್ರ ಮಾರಲು ಸಂಗೀತ ಬೇಕಿತ್ತು, ಇಂದು ಜಾಹೀರಾತು ಮಾರಲು ನಾವು ಬೇಕು. ತಾಣಗಳು ಹೆಚ್ಚು ಜನ ನೋಡುತ್ತಿರುವುದನ್ನು ಇನ್ನಷ್ಟು ಜನಕ್ಕೆ ತೋರಿಸುತ್ತವೆ. ಪಟ್ಟಿಯ ತಳದಲ್ಲಿರುವವನು ತಳದಲ್ಲಿರುವ ಕಾರಣಕ್ಕೇ ಕಾಣಿಸುವುದಿಲ್ಲ. ಆದ್ದರಿಂದ 'ಕಷ್ಟಪಟ್ಟರೆ ಫಲ ಖಂಡಿತ' ಎಂದು ಹೊಸಬರಿಗೆ ಹೇಳುವುದು ಅರ್ಧ ಸತ್ಯ. ಹೆರಾಲ್ಡ್ ಕಷ್ಟಪಟ್ಟಿರಲಿಲ್ಲವೇ?

ಆದರೂ ಈ ಎಲ್ಲ ಕಥೆಗಳಲ್ಲಿ ಪದೇ ಪದೇ ಕಂಡ ಕೆಲವು ಸಂಗತಿಗಳಿದ್ದವು. ಗೊತ್ತಾದ ಹೊತ್ತು. ಮೊದಲ ಕೇಳುಗರಾಗಿ ಅದೇ ಆಸಕ್ತಿಯ ನಾಲ್ಕು ಜನ. ಅವರು ಕೇಳಿದ್ದಕ್ಕೆ ಉತ್ತರ. ಹೊರೆ ಹಂಚಿಕೊಳ್ಳಲು ಊರಿನ ಒಂದು ಅಂಗಡಿಯೋ ನಗರಸಭೆಯೋ. ಜನ ಇರುವಲ್ಲಿಗೆ ದನಿಯನ್ನು ಒಯ್ಯುವುದು. ನನ್ನ ಹದಿನಾಲ್ಕು ವಾರದಲ್ಲಿ ಇವುಗಳಲ್ಲಿ ಒಂದನ್ನೂ ನಾನು ನೆಟ್ಟಗೆ ಮಾಡಿರಲಿಲ್ಲ. ಕರೆಂಟು ಹೋದರೆ ಎಂಟೂವರೆಗೆ ಶುರು, ತಲೆನೋವಿದ್ದರೆ ಶುಕ್ರವಾರಕ್ಕೆ. ವಿಷಯವೋ, ಒಂದು ವಾರ ಗಂಗರು, ಮರುವಾರ ದಿವಾನರು. ಯಾರಾದರೂ ಪ್ರಶ್ನೆ ಬರೆದರೆ 'ಕೊನೆಗೆ ಹೇಳ್ತೀನಿ' ಎಂದು ಮರೆತುಬಿಡುತ್ತಿದ್ದೆ. ಏಳು ಜನರೊಂದಿಗೆ ಏಳು ಸಾವಿರ ಜನರ ಸಭೆಯಲ್ಲಿದ್ದಂತೆ ಮಾತಾಡುತ್ತಿದ್ದೆ.

ಹದಿನೈದನೆಯ ಗುರುವಾರ ಫೋನಿನ ಆ ಅಂಕಿಯ ಮೇಲೆ ಒಂದು ಪುಟ್ಟ ಕಾಗದ ಅಂಟಿಸಿದೆ. 'ದನಿ ಕೇಳಿಸ್ತಿದೆಯಾ' ಎನ್ನುವ ಬದಲು 'ಎಲ್ಲಿಂದ ಕೇಳ್ತಾ ಇದ್ದೀರಿ, ಊರಿನ ಹೆಸರು ಬರೀರಿ' ಎಂದೆ. ಆಗ ಆ ಮೂರನೆಯವರು ಮೊದಲ ಸಲ ಬರೆದರು. ಕೊಲ್ಲಿ ದೇಶವೊಂದರ ಆಸ್ಪತ್ರೆಯಲ್ಲಿ ನರ್ಸ್, ಊರು ಕೃಷ್ಣರಾಜನಗರದ ಕಡೆ. "ರಾತ್ರಿ ಡ್ಯೂಟಿಗೆ ಹೋಗೋ ಮುಂಚೆ ಕೇಳ್ತೀನಿ ಮೇಡಂ. ನಮ್ಮೂರ ಕಡೆ ನಾಲೆ ತೋಡಿದ ಕಥೆ ಹೇಳ್ತೀರಾ?" ಹದಿನಾಲ್ಕು ವಾರ ಅವರು ಕೇಳುತ್ತಲೇ ಇದ್ದರು. ನಾನು ಕೇಳಿರಲಿಲ್ಲ, ಅಷ್ಟೇ.

ಮುಂದಿನ ಎಂಟು ವಾರ ಬರೀ ನಾಲೆ, ಕೆರೆ, ಕಟ್ಟೆಗಳ ಚರಿತ್ರೆ. ಕೇಳಿದವರ ಊರಿನಿಂದಲೇ ಶುರು. ನಮ್ಮ ಬೀದಿಯ ಹಳೆ ಪುಸ್ತಕದ ಅಂಗಡಿಯವರು ಗೆಜೆಟಿಯರುಗಳನ್ನು ಎರವಲು ಕೊಟ್ಟರು, ಅಂಗಡಿಯ ಹೆಸರು ಹೇಳಿದೆ. ಹತ್ತಿರದ ಹಿರಿಯರ ವಾಚನಾಲಯದಲ್ಲಿ ಟಿ.ವಿ.ಗೆ ಫೋನು ಜೋಡಿಸಿಕೊಡಲು ಅತ್ತಿಗೆ ಓಡಾಡಿದರು. ಪರದೆಯ ಅಂಕಿಗೆ ಅದು ಒಂದೇ, ಕುರ್ಚಿಯ ಮೇಲೆ ಕೂತವರು ಹನ್ನೆರಡು ಜನ.

ಈಗ ಕಾಗದ ತೆಗೆದು ನೋಡಿದರೆ ಸಾಮಾನ್ಯವಾಗಿ ಇಪ್ಪತ್ತೈದು, ಮೂವತ್ತು ಕಾಣುತ್ತದೆ. ಇದರಿಂದ ಒಂದು ರೂಪಾಯಿಯೂ ಬಂದಿಲ್ಲ. ಅಣ್ಣ ಹೇಳಿದ ಅಂಗಡಿಗೆ ಲೆಕ್ಕ ಬರೆಯಲು ಹೋಗುತ್ತಿದ್ದೇನೆ, ಬೆಳಿಗ್ಗೆ ಹತ್ತರಿಂದ ಆರು. ಸೇರುವಾಗ ಒಂದೇ ಮಾತು ಕೇಳಿಕೊಂಡೆ: ಗುರುವಾರ ಐದೂವರೆಗೆ ಬಿಡಬೇಕು. ಕಾನ್ರಾಡ್ ಅವರಿಗೂ ಹಗಲು ಕಂಪನಿಯ ಕೆಲಸವಿತ್ತು, ಗೋಪಾಲಸ್ವಾಮಿಯವರಿಗೂ ಕಾಲೇಜಿತ್ತು. ಗ್ಯಾರೇಜು, ಮನೆ ಎರಡೂ ನಡೆದದ್ದು ಉಳಿದ ಹೊತ್ತಿನಲ್ಲಿ ಎಂಬುದನ್ನು ನಾನು ತಡವಾಗಿ ಗಮನಿಸಿದೆ.

ಕಳೆದ ಗುರುವಾರ ಕರೆಂಟು ಹೋಗಿತ್ತು. ಮೇಣದಬತ್ತಿ ಹಚ್ಚಿಟ್ಟು ಸರಿಯಾಗಿ ಎಂಟಕ್ಕೆ ಶುರುಮಾಡಿದೆ. ನನ್ನ ಮುಖ ಯಾರಿಗೂ ಸರಿಯಾಗಿ ಕಂಡಿರಲಾರದು. ಐದು ನಿಮಿಷಕ್ಕೆ ನರ್ಸಮ್ಮ ಬರೆದರು, "ಕತ್ತಲೆ ಇದ್ರೂ ಪರವಾಗಿಲ್ಲ ಮೇಡಂ, ದನಿ ಕೇಳಿಸ್ತಿದೆ."